ಎದುರುಗುಡ್ಡದ ಎರಡು ಚಿತ್ರ

ತೋಟದ ಮನೆ,
ಸೆಪ್ಟೆಂಬರ್ ೨೦೦೬

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆ ಮೇಘಶ್ರೀಯ ನಮಸ್ಕಾರಗಳು. ಈ ಪತ್ರವನ್ನು ದಿವ್ಯಾ ನಿಮ್ಮ ಕೈಗೆ ಕೊಡುತ್ತಾಳೆ. ಅವಳು ಓದಿ ಹೇಳುತ್ತೇನೆ ಎಂದರೆ ಒಪ್ಪಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ, ನಿಧಾನವಾಗಿ.

ಹೋದ ವಾರ ನೀವು ದಿವ್ಯಾಳಿಗೆ ಹೇಳಿದಿರಂತೆ: "ನಿಮ್ಮಪ್ಪನಿಗೆ ಮಂಗಳೂರಿಗೆ ಬರೋಕೆ ಪುರಸೊತ್ತಿಲ್ದಿದ್ರೆ ಬೇಡ. ಅವ್ರ ಕೈಲಿ ಎರಡು ಸಾಲು ಬರೆಸಿ ತರ್ಸು, ಸಾಕು." ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಮಾವ ಬರೆದದ್ದಲ್ಲ ಎಂದು ನಿಮಗೆ ತಿಳಿದಿರುತ್ತದೆ.

ಆ ಮಾತು ತೋಟಕ್ಕೆ ಬಂದು ಮುಟ್ಟಿದ ದಿನ ನಮ್ಮ ನಡುಮನೆಯಲ್ಲಿ ಏನಾಯಿತೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ನನಗೇ ಇನ್ನೂ ನಂಬಿಕೆ ಬಂದಿಲ್ಲ. ಮಾವನ ಅಕ್ಕ, ವಸ್ತಾರೆಯ ದೊಡ್ಡತ್ತೆ, ನನ್ನನ್ನು ಹತ್ತಿರ ಕೂರಿಸಿಕೊಂಡು, "ಮೇಘ, ಗುಡ್ಡ ಇದ್ದ ಹಾಗೇ ಗುಡ್ಡ ಬರೀತೀಯ, ಮರ ಇದ್ದ ಹಾಗೇ ಮರ ಬರೀತೀಯ. ತಿಮ್ಮಪ್ಪನ ಅಕ್ಷರ ಬರೆಯೋದು ನಿಂಗೇನು ಕಷ್ಟ? 'ನಾನು ಹುಷಾರಾಗಿದೀನಿ, ಮನಸ್ಸಿಗೆ ಹಚ್ಕೋಬೇಡ' ಅಂತ ಬರೆದ್ಬಿಡು" ಎಂದರು. ನಿಮ್ಮ ಮಗ ಮಾವನ ಹಳೆಯ ಕಾಗದವೊಂದನ್ನೂ ಅವರದೇ ಪೆನ್ನನ್ನೂ ತಂದು ನನ್ನ ಮುಂದಿಟ್ಟರು. ನಾನು ಪೆನ್ನು ಹಿಡಿದೆ. ಮಾವನ 'ನ' ನಿಮಗೆ ಗೊತ್ತಲ್ಲ, ಬಾಲ ಉದ್ದ. ಅದೊಂದು ಅಕ್ಷರ ಬರೆದೆ. ಥೇಟ್ ಅವರದೇ. ಅದನ್ನು ನೋಡಿದ್ದೇ ಆ ಹಾಳೆ ಹರಿದುಹಾಕಿ ಎದ್ದುಬಿಟ್ಟೆ.

ನಿಮಗೆ ಸುಳ್ಳು ಬರೆಯಲು ನನ್ನಿಂದ ಆಗದು ಅತ್ತೆ. ಯಾಕೆಂದು ಇನ್ಯಾರಿಗೂ ಗೊತ್ತಿಲ್ಲದಿದ್ದರೂ ನಿಮಗೆ ಗೊತ್ತಿದೆ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ನಾನು ಹೆತ್ತು ಮಲಗಿದ್ದಾಗ ಎಲ್ಲರೂ ಬಂದು ನಗುತ್ತಾ ಮಾತಾಡಿಸುತ್ತಿದ್ದರು. ಮಗು ಗಾಜಿನ ಪೆಟ್ಟಿಗೆಯಲ್ಲಿದೆ, ತೂಕ ಕಡಿಮೆ, ನಾಳೆ ತೋರಿಸ್ತಾರೆ ಎಂದು ನರ್ಸೂ ಹೇಳಿದಳು, ನನ್ನ ಹೆತ್ತಮ್ಮನೂ ಹೇಳಿದಳು. ನೀವು ಬಂದು ಬಾಗಿಲು ಹಾಕಿ, ಸ್ಟೂಲು ಎಳೆದುಕೊಂಡು ಕೂತು ನನ್ನ ಕೈ ಹಿಡಿದಿರಿ. ಅಲ್ಲಿಯವರೆಗೆ ನೀವು ನನ್ನ ಕೈ ಹಿಡಿದವರೇ ಅಲ್ಲ. "ಮೇಘ, ಮಗು ಇಲ್ಲ ಕಣೆ. ಹುಟ್ಟುವಾಗ್ಲೇ ಉಸಿರಿರ್ಲಿಲ್ಲ. ಹೆಣ್ಮಗು. ಮೂಗು ನಿಂದೇ" ಎಂದಿರಿ. ಆಮೇಲೆ ನಾನು ಎಷ್ಟು ಕಿರುಚಿದರೂ ಕೈ ಬಿಡಲಿಲ್ಲ. ನನ್ನ ಮಗುವಿನ ಮೂಗು ಹೇಗಿತ್ತೆಂದು ನನಗೆ ಗೊತ್ತಿರುವುದು ನಿಮ್ಮೊಬ್ಬರಿಂದ.

ಹಾಗೆಯೇ ನಾನೂ ಹೇಳಬೇಕು. ಮೊದಲು ನಿಜ, ಉಳಿದದ್ದೆಲ್ಲ ಆಮೇಲೆ.

ಅತ್ತೆ, ಮಾವ ಇಲ್ಲ. ಎದುರುಗುಡ್ಡ ಜಾರಿದ ದಿನವೇ ಹೋದರು. ನೀವು ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಇಲ್ಲಿ ಅವರ ಸಂಸ್ಕಾರವೂ ಆಯಿತು, ತಿಥಿಯೂ ಆಯಿತು.

ಇಲ್ಲಿ ನಿಲ್ಲಿಸಬೇಕೆನಿಸಿದರೆ ನಿಲ್ಲಿಸಿ. ಪತ್ರ ಎಲ್ಲಿಗೂ ಹೋಗುವುದಿಲ್ಲ.

ನಿಮಗೆ ಏನೂ ಗೊತ್ತಾಗಿಲ್ಲ ಎಂದು ಮನೆಯವರೆಲ್ಲ ನಂಬಿದ್ದಾರೆ. ನನಗೆ ಆ ನಂಬಿಕೆಯಿಲ್ಲ. ನಿಮಗೆ ಎಚ್ಚರವಾದ ಮೇಲೆ ನಿಮ್ಮ ಮಗ ಮೊದಲ ಸಲ ನೋಡಲು ಬಂದಾಗ ಮಂಗಳೂರಿನ ಆ ಸೆಕೆಯಲ್ಲೂ ತಲೆಗೆ ಮಂಕಿ ಟೋಪಿ ಹಾಕಿಕೊಂಡಿದ್ದರು. ಬೋಳುತಲೆ ನಿಮಗೆ ಕಾಣಬಾರದೆಂದು. ಶೀತ ಅಂದರು. "ಶೀತಕ್ಕೆ ಮೀಸೆ ಯಾಕೆ ತೆಗೆದೆ?" ಎಂದು ನೀವು ಕೇಳಿದಿರಂತೆ. ನೀವು ಗೋಡೆಯ ಕಡೆ ತಿರುಗಿ ಮಲಗಿದಿರಂತೆ. ಎರಡು ಸಾಲು ಬರೆಸಿ ತರ್ಸು ಎಂದದ್ದು ಅದಾದ ಮೇಲೆ ತಾನೇ? ಅದನ್ನು ಕೇಳಿದಾಗ ನೀವು ಮಾವನನ್ನು ಪರೀಕ್ಷೆ ಮಾಡುತ್ತಿರಲಿಲ್ಲ, ನಮ್ಮನ್ನು ಮಾಡುತ್ತಿದ್ದಿರಿ ಎಂದು ನನಗನ್ನಿಸಿತು.

ಆ ದಿನದ ಅರ್ಧ ಮಾತ್ರ ನೀವು ನೋಡಿದ್ದೀರಿ. ಉಳಿದರ್ಧ ನಾನು ನೋಡಿದ್ದೇನೆ. ಅದನ್ನು ನಿಮಗೆ ಕೊಡಬೇಕು. ಆದರೆ ಎಲ್ಲಿಂದ ಶುರು ಮಾಡಲಿ? ಕಣ್ಣು ಮುಚ್ಚಿದರೆ ಗುಡ್ಡ ಇದ್ದ ಹಾಗೇ ಇರುತ್ತದೆ, ಬಿಟ್ಟರೆ ಇರುವುದಿಲ್ಲ. ಜಗಲಿಗೆ ಬಂದರೆ ಎದುರಿಗೆ ಆಕಾಶ ಜಾಸ್ತಿಯಾಗಿದೆ. ಅಷ್ಟು ದೊಡ್ಡದೊಂದು ವಸ್ತು ಇಲ್ಲವಾಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಚಿತ್ರ ಬರೆಯುವ ಬಣ್ಣದ ಪೆಟ್ಟಿಗೆ ತಂದವರು ನೀವೇ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ಜಗಲಿಯ ಮೂಲೆ ಹಿಡಿದು ಕೂತಿರುತ್ತಿದ್ದೆ. ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ. ನೀವು ಮೂಡಿಗೆರೆಗೆ ಹೋಗಿ ಬಂದವರು ಕೈಚೀಲದಿಂದ ಆಯಿಲ್ ಪೇಸ್ಟಲ್ ಪೆಟ್ಟಿಗೆಯನ್ನೂ ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆಗಳನ್ನೂ ತೆಗೆದು ನನ್ನ ಮಡಿಲಿಗೆ ಹಾಕಿ, "ಮದ್ವೆಗೆ ಮುಂಚೆ ಬರೀತಿದ್ದೆಯಂತಲ್ಲ. ಸುಮ್ನೆ ಕೂತ್ಕೋಬೇಡ, ಬರಿ" ಎಂದು ಒಳಗೆ ಹೋದಿರಿ. ಏನು ಬರೆಯಲಿ ಎಂದು ನಾನು ಕೇಳಲಿಲ್ಲ. ತಲೆ ಎತ್ತಿದರೆ ಎದುರುಗುಡ್ಡ ಇತ್ತು. ಅದನ್ನೇ ಬರೆದೆ. ಮಾರನೆಯ ದಿನವೂ ಅದನ್ನೇ.

ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಮೊದಲು ಹಾಳೆಯ ತುಂಬ ತಿಳಿ ಬಣ್ಣ. ಆಕಾಶಕ್ಕೆ ಬಿಳಿ ತಿಕ್ಕಿ ಅದರ ಮೇಲೆ ನೀಲಿ ಎಳೆದು ಬೆರಳಿನಲ್ಲಿ ಸವರುವುದು. ದೂರದ ಸಾಲಿಗೆ ಬೂದು ಬೆರೆತ ನೀಲಿ, ಹತ್ತಿರ ಬಂದಂತೆ ಹಸಿರು, ಹಸಿರಿನ ಅಡಿಗೆ ಹಳದಿ, ಬುಡದಲ್ಲಿ ಕೆಲಸದವರ ಲೈನ್‌ಮನೆಗಳ ಹೆಂಚಿಗೆ ಒಂದು ಗೆರೆ ಕೆಂಪು. ಸಿಲ್ವರ್ ಓಕ್ ಮರಗಳನ್ನು ಮಾತ್ರ ಬಣ್ಣದಲ್ಲಿ ಬರೆಯುತ್ತಿರಲಿಲ್ಲ. ಕಡುಹಸಿರನ್ನು ದಪ್ಪಗೆ ಹಚ್ಚಿ, ತಲೆಯ ಹೇರ್‌ಪಿನ್ ತೆಗೆದು ಮೇಲಿಂದ ಕೆಳಗೆ ಗೀರಿದರೆ ಅಡಿಯ ಬಿಳಿ ಎದ್ದು ಬಂದು ಮರದ ಬೊಡ್ಡೆಯಾಗುತ್ತಿತ್ತು. ನೀವು ಮೊರದಲ್ಲಿ ಕಾಳುಮೆಣಸು ಆರಿಸುತ್ತಾ ಪಕ್ಕದಲ್ಲಿ ಕೂತು, "ಆಕಾಶಕ್ಕೇ ಅರ್ಧ ಕಡ್ಡಿ ಸವೆಸಿದೀಯಲ್ಲೇ" ಎಂದು ಬೈಯುತ್ತಿದ್ದಿರಿ. ಒಂದು ದಿನ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ನೀವು ಹಾಳೆಯ ಮೇಲೆ ಬಾಗಿ ಹೆಬ್ಬೆರಳಿನಿಂದ ಮಂಜನ್ನು ಸವರುತ್ತಿದ್ದಿರಿ. ನನ್ನನ್ನು ಕಂಡು ಕಳ್ಳಿಯ ಹಾಗೆ ಕೈ ಸೆರಗಿಗೆ ಒರೆಸಿಕೊಂಡಿರಿ. ಆ ಸೀರೆಯ ನೀಲಿ ಕಲೆ ಹೋಗಲೇ ಇಲ್ಲ. ಮಂಜು ನನಗಿಂತ ನೀವೇ ಚೆನ್ನಾಗಿ ಸವರಿದ್ದಿರಿ. ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಈ ಮಳೆಗಾಲದ ನಡುವೆ ನಾನು ಬರೆದ ಚಿತ್ರ ನೋಡಿ ನೀವೇ ಮೊದಲು ಕೇಳಿದ್ದು. "ಮರ ಯಾಕೆ ಕುಡಿದೋರ ಹಾಗೆ ಬರ್ದಿದೀಯ? ಕೈ ಸೋತಿದ್ಯಾ?"

"ಇಲ್ಲ ಅತ್ತೆ. ಹಾಗೇ ಇದಾವೆ."

ನೀವು ಎದ್ದು ಜಗಲಿಯ ಕಂಬ ಹಿಡಿದು ಬಹಳ ಹೊತ್ತು ನೋಡಿದಿರಿ. ದಿನವೂ ನೋಡುವ ಗುಡ್ಡ. ದಿನವೂ ನೋಡಿದ್ದರಿಂದಲೇ ನಮಗೆ ಕಂಡಿರಲಿಲ್ಲವೇನೋ. ಮಳೆ ಹಿಡಿಯುವ ಮೊದಲು ಬರೆದ ಚಿತ್ರವನ್ನು ಬೀರುವಿನ ಮೇಲಿಂದ ತಂದು ಇದರ ಪಕ್ಕ ಇಟ್ಟೆ. ಅದರಲ್ಲಿ ಮರಗಳು ನೆಟ್ಟಗೆ ನಿಂತಿದ್ದವು. ಇದರಲ್ಲಿ ಮೇಲಿನ ಸಾಲು ಪೂರ್ತಿ ಕಣಿವೆಯ ಕಡೆ ವಾಲಿತ್ತು. ಅದರ ಮೇಲೆ ಹುಲ್ಲಿನ ನಡುವೆ ಅಡ್ಡಕ್ಕೆ ಒಂದು ಕಪ್ಪು ಗೆರೆ. ಆ ಗೆರೆಯನ್ನು ನಾನು ಕಂಡ ಹಾಗೆ ಬರೆದಿದ್ದೆ, ಅದೇನೆಂದು ಯೋಚಿಸಿರಲಿಲ್ಲ. ನೀವು ಬೆರಳಿಟ್ಟು, "ಇದು ಬಿರುಕು ಕಣೆ" ಎಂದಿರಿ. ಆ ಗುಡ್ಡದ ಬುಡದಲ್ಲಿ ಲೈನಿನ ಮನೆಗಳು, ಅಲ್ಲಿ ನಮ್ಮ ಕೆಲಸದವರ ಸಂಸಾರಗಳು. ಬೇಸಿಗೆಯಲ್ಲಿ ಲಾರಿ ಬರಲೆಂದು ಮಾವ ಅದೇ ಬುಡವನ್ನು ಜೆಸಿಬಿಯಿಂದ ಕಡಿಸಿ ರಸ್ತೆ ಮಾಡಿಸಿದ್ದರು. ನಾವಿಬ್ಬರೂ ಅದನ್ನು ನೆನೆದೆವು.

ಊಟದ ಹೊತ್ತಿಗೆ ನೀವು ಹೇಳಿದಿರಿ. ಮಾವ ನಕ್ಕರು. "ನಮ್ಮಪ್ಪ ನೆಟ್ಟ ಮರ ಅವು. ಗಾಳಿಗೆ ಒಂಚೂರು ವಾಲಿರ್ತವೆ. ಸೊಸೆ ಬಣ್ಣ ಹಚ್ಚಿದ್ದಕ್ಕೆ ಹೆದ್ರಿ ಮಳೆಗಾಲದಲ್ಲಿ ಲೈನ್ ಖಾಲಿ ಮಾಡಿಸ್ಲಾ? ನಾಕು ಜನ ನಗ್ತಾರೆ ಮಾರಾಯ್ತಿ." ನನ್ನ ಮುಖ ಬಾಡಿದ್ದು ಕಂಡು, "ಚಿತ್ರ ಚೆನ್ನಾಗಿದೆ ಮೇಘ, ಬೇಜಾರ್ ಮಾಡ್ಕೋಬೇಡ" ಎಂದೂ ಸೇರಿಸಿದರು. ನೀವು ಅವರಿಗೆ ಅನ್ನ ಬಡಿಸಿದಿರಿ. ಅದು ಮಾವನಿಗೆ ಒಪ್ಪಿಗೆಯ ಹಾಗೆ ಕಂಡಿರಬೇಕು.

ಮರುದಿನ ಬೆಳಿಗ್ಗೆ ಮಳೆ ಹೊಳವಾಗಿತ್ತು. ನಿಮಗೆ ನೆನಪಿರಬಹುದು, ಎಂಥ ಬಿಸಿಲು. ಎಲೆ ಎಲೆಯೂ ಹೊಳೆಯುತ್ತಿತ್ತು. ಮಳೆ ನಿಂತಿತಲ್ಲ, ಇನ್ನೇನು ಭಯ ಎಂದು ನಾನಂದುಕೊಂಡೆ. ನೀವು ದೇವರಿಗೆ ದೀಪ ಹಚ್ಚಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ "ಬಾ" ಎಂದಷ್ಟೇ ಹೇಳಿದಿರಿ. ನಾವಿಬ್ಬರೂ ಇಳಿದು ಹೊಳೆಯ ಸಂಕ ದಾಟಿದೆವು. ಎರಡು ಅಡಿಕೆಮರ ಕಟ್ಟಿ ಮಾಡಿದ ಆ ಸಂಕದ ಮೇಲೆ ಒಬ್ಬರು ದಾಟುವ ತನಕ ಇನ್ನೊಬ್ಬರು ಕಾಯಬೇಕು. ನೀವು ಮೊದಲು ದಾಟಿ ಆಚೆಯಿಂದ ನನಗೆ ಕೈ ಚಾಚಿದಿರಿ. ಹೊಳೆಯಲ್ಲಿ ನೀರು ಕಡಿಮೆಯಾಗಿತ್ತು. ಅಷ್ಟು ಮಳೆ ಹೊಡೆದ ಮೇಲೂ ಕಲ್ಲು ಕಾಣುತ್ತಿತ್ತು. ಮೇಲೆಲ್ಲೋ ಮಣ್ಣು ಕುಸಿದು ಹೊಳೆ ಕಟ್ಟಿಕೊಂಡಿದೆಯೆಂದು ನಮಗೆ ತಿಳಿಯಲಿಲ್ಲ.

ಲೈನಿನ ರಂಗಮ್ಮನಿಗೆ ಮನೆ ಬಿಡು ಎಂದು ಎರಡನೆಯ ಸಲ ಹೇಳಬೇಕಾಗಲಿಲ್ಲ. "ಒಲೆ ಹಿಂದಿನ ಗೋಡೆಯಿಂದ ಕೆಂಪು ನೀರು ಜಿನುಗ್ತದೆ ಅಮ್ಮಾವ್ರೆ, ರಾತ್ರಿಯಿಡೀ ಒರೆಸಿದೀನಿ" ಎಂದು ಬಗಲಿನ ಮಗುವನ್ನು ಎತ್ತಿಕೊಂಡು ಹೊರಗೆ ಬಂದೇಬಿಟ್ಟಳು. ಅವಳ ಹಿಂದೆ ಉಳಿದವರು. ಪಾತ್ರೆ, ಕೋಳಿ, ಕಂಬಳಿ. ಬರಲಿಲ್ಲ ಎಂದರೆ ಭೂತಯ್ಯ ಒಬ್ಬನೇ. ಮಾವನ ತಂದೆಯ ಕಾಲದ ಮೇಸ್ತ್ರಿ, ಈಗ ಕಣ್ಣು ಮಂಜು, ಆದರೂ ಗತ್ತು ಬಿಟ್ಟಿಲ್ಲ. ಹೊಸ್ತಿಲ ಮೇಲೆ ಕೂತು, "ಯಜಮಾನ್ರು ಬಾ ಅಂದ್ರೆ ಬರ್ತೀನಿ, ಇರು ಅಂದ್ರೆ ಇರ್ತೀನಿ. ಹೆಂಗಸ್ರ ಮಾತಿಗೆ ಮನೆ ಬಿಟ್ಟ ಅಂತ ಅನ್ನಿಸ್ಕೊಳ್ಳಲ್ಲ" ಎಂದ. ನೀವು ಗದರಿದಿರಿ, ಕೈ ಹಿಡಿದು ಎಳೆದಿರಿ. ಅವನು ಅಲುಗಲಿಲ್ಲ.

ಮೇಲೆ ಬಂದಾಗ ಮಾವ ಅಂಗಳದಲ್ಲಿದ್ದರು. ಲೈನಿನವರೆಲ್ಲ ಗಂಟುಮೂಟೆ ಹೊತ್ತು ಕಾಫಿ ಗೋದಾಮಿನ ಕಡೆ ಹೋಗುತ್ತಿದ್ದುದನ್ನು ಕಂಡು ಅವರ ಮುಖ ಕೆಂಪಗಾಗಿತ್ತು. ಅವರು ಬಾಯಿ ತೆಗೆಯುವ ಮೊದಲೇ ನೀವಂದಿರಿ: "ಭೂತಯ್ಯ ನಿಮ್ಮ ಬಾಯಿಂದ ಮಾತು ಬರ್ಲಿ ಅಂತ ಕೂತಿದಾನೆ. ನಿಮ್ಮ ಹಟಕ್ಕೆ ಒಬ್ಬ ಮುದುಕ ಹೋಗ್ಬೇಕಾ?" ಆಮೇಲೆ ರಂಗಮ್ಮನ ಮಗುವನ್ನು ಕೈಗೆ ತೆಗೆದುಕೊಂಡು ಗೋದಾಮಿನ ಮೆಟ್ಟಿಲ ಕಡೆ ನಡೆದುಬಿಟ್ಟಿರಿ. ತಿರುಗಿ ನೋಡಲಿಲ್ಲ.

ನೀವು ಮಾವನಿಗೆ ಆಡಿದ ಕೊನೆಯ ಮಾತು ಅದು. ಅದಕ್ಕಾಗಿಯೇ ಎಲ್ಲರೂ ನಿಮ್ಮಿಂದ ಮುಚ್ಚಿಟ್ಟಿದ್ದಾರೆ. "ತಾನೇ ಚುಚ್ಚಿ ಕಳಿಸಿದೆ ಅಂತ ಗೊತ್ತಾದ್ರೆ ಅವಳು ಉಳಿಯಲ್ಲ" ಎಂದು ದೊಡ್ಡತ್ತೆ ದಿನಕ್ಕೊಮ್ಮೆ ಹೇಳುತ್ತಾರೆ. ಅವರು ಕೆಟ್ಟವರಲ್ಲ, ಹೆದರಿದ್ದಾರೆ. ಆದರೆ ಅವರು ಅಲ್ಲಿರಲಿಲ್ಲ. ನಾನಿದ್ದೆ. ನೀವು ತಿರುಗಿ ನೋಡದೆ ಹೋದ ಮೇಲೆ ಏನು ನಡೆಯಿತೆಂದು ಈಗ ಕೇಳಿ.

ಮಾವ ಕೂಡಲೇ ಕೆಳಗೆ ಇಳಿಯಲಿಲ್ಲ, ಮೊದಲು ಜಗಲಿಗೆ ಬಂದರು. ಎರಡೂ ಚಿತ್ರಗಳು ಹಿಂದಿನ ದಿನ ನಾವಿಟ್ಟ ಕಡೆಯೇ ಬೆಂಚಿನ ಮೇಲಿದ್ದವು. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಾಗಿ ನೋಡಿದರು. ಗುಡ್ಡದ ಕಡೆ ನೋಡಿದರು. ಮತ್ತೆ ಚಿತ್ರ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. "ಮೇಘ, ಇದು ಯಾವಾಗ ಬರ್ದಿದ್ದು?" ಎಂದರು. ಮಳೆಗೆ ಮುಂಚೆ ಎಂದೆ. "ಇದು?" ಮೊನ್ನೆ ಎಂದೆ. ಹೇರ್‌ಪಿನ್ನಿನಿಂದ ಗೀರಿದ ಆ ಓರೆ ಗೆರೆಗಳ ಮೇಲೆ ಬೆರಳಾಡಿಸಿದರು. ಅವರ ಮುಖ ಬಿಳಿಚಿಕೊಂಡಿತು. ಸಿಟ್ಟು ಎಲ್ಲಿ ಹೋಯಿತೋ. "ಬುಡ ಕಡಿಸ್ಬಾರ್ದಿತ್ತು" ಎಂದರು, ನನಗಲ್ಲ, ತಮಗೇ. ನಂತರ ನನ್ನ ಕಡೆ ತಿರುಗಿ, "ನೀನು ಕಂಡಿದ್ದು ಸರಿ ಇದೆ ಕಣಮ್ಮ. ನಿಮ್ಮತ್ತೆನ ಗೋದಾಮಿಂದ ಈಚೆ ಬಿಡಬೇಡ" ಎಂದರು. ಇಳಿಯುವ ಅವಸರದಲ್ಲಿ ಚಪ್ಪಲಿ ಹಾಕಿಕೊಳ್ಳಲಿಲ್ಲ.

ಅತ್ತೆ, ಅವರು ಹಟಕ್ಕೆ ಹೋದವರಲ್ಲ. ನಿಮ್ಮ ಮಾತು ಚುಚ್ಚಿ ಹೋದವರೂ ಅಲ್ಲ. ಗುಡ್ಡ ಬರುತ್ತದೆಂದು ಗೊತ್ತಿದ್ದೇ ಇಳಿದರು. ನಾನು ಕಣ್ಣಾರೆ ಕಂಡೆ. ಇದನ್ನು ನಾನು ದೇವರ ಮುಂದೆ ನಿಂತೂ ಹೇಳಬಲ್ಲೆ.

ಉಳಿದದ್ದನ್ನು ಭೂತಯ್ಯ ಹೇಳಿದ್ದಾನೆ. ಮಾವ ಹೋಗಿ ಅವನೊಂದಿಗೆ ಒಂದು ಮಾತೂ ವಾದ ಮಾಡಲಿಲ್ಲವಂತೆ. "ಏಳೋ ಭೂತಯ್ಯ, ನಾನೇ ಹೇಳ್ತಿದೀನಿ, ಏಳು" ಎಂದು ರಟ್ಟೆ ಹಿಡಿದು ಎಬ್ಬಿಸಿದರಂತೆ. ಇಬ್ಬರೂ ಹೊಳೆಗೆ ಬರುವಾಗ ಮೇಲೆ ಮರ ಲಟಲಟ ಎಂದು ಮುರಿಯುವ ಸದ್ದು ಕೇಳತೊಡಗಿತಂತೆ. ಸಂಕದ ಹತ್ತಿರ ಭೂತಯ್ಯ, "ನೀವು ಮೊದ್ಲು ಯಜಮಾನ್ರೆ" ಎಂದು ಹಿಂದೆ ಸರಿದನಂತೆ. "ಮಾತು ಕೇಳೋ ಮಾರಾಯ, ನಿಂಗೆ ಕಣ್ಣು ಕಾಣಲ್ಲ, ನಡಿ" ಎಂದು ಮಾವ ಬೆನ್ನಿಗೆ ಕೈಯಿಟ್ಟು ಅವನನ್ನು ಸಂಕಕ್ಕೆ ಹತ್ತಿಸಿದರಂತೆ. ಅವನು ದಾಟಿ ಈಚೆ ದಡದ ಬೇರು ಹಿಡಿದಾಗ ಬೆನ್ನ ಮೇಲಿನ ಕೈಯ ಬಿಸಿ ಇನ್ನೂ ಇತ್ತಂತೆ. ತಿರುಗಿದರೆ ಸಂಕವೂ ಇಲ್ಲ, ಮಾವನೂ ಇಲ್ಲ.

ಗುಡ್ಡ ಇಳಿದದ್ದನ್ನು ನಾನು ಜಗಲಿಯಿಂದ ಕಂಡೆ. ಸದ್ದು ಆಮೇಲೆ ಬಂತು. ಮೊದಲು ಕಂಡದ್ದು ಮರಗಳು ನಡೆದು ಬರುವುದು. ನಿಂತ ಹಾಗೇ, ಸಾಲು ತಪ್ಪದೆ, ಸಿಲ್ವರ್ ಮರಗಳೆಲ್ಲ ಇಳಿದು ಬಂದವು. ಬಿಸಿಲು ಬೀಳುತ್ತಲೇ ಇತ್ತು. ನನಗೆ ಹೆದರಿಕೆ ಆಗಲಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ, ಏನೂ ಆಗಲಿಲ್ಲ. ಇದು ಯಾರೋ ಬರೆಯುತ್ತಿರುವ ಚಿತ್ರ, ಈಗ ಅಳಿಸುತ್ತಾರೆ ಎಂದಷ್ಟೇ ಅನ್ನಿಸಿತು. ಆಮೇಲೆ ನೆಲ ಅದುರಿತು. ಜಗಲಿಯ ಹೆಂಚು ಬಿದ್ದವು. ಕಿವಿ ತುಂಬ ಗುಡುಗು, ಅದು ನಿಲ್ಲಲೇ ಇಲ್ಲ. ನಿಂತಾಗ ಲೈನೂ ಇರಲಿಲ್ಲ, ಹೊಸ ರಸ್ತೆಯೂ ಇರಲಿಲ್ಲ, ಹಸಿ ಕೆಂಪು ಮಣ್ಣು ಮಾತ್ರ ಇತ್ತು, ಸಿಪ್ಪೆ ಸುಲಿದ ಹಾಗೆ.

ನೆಲ ಅದುರಿದಾಗಲೇ ನೀವು ಗೋದಾಮಿನ ಮೆಟ್ಟಿಲಿಂದ ಬಿದ್ದದ್ದು. ಮಗುವನ್ನು ಎದೆಗೊತ್ತಿಕೊಂಡು ಬೆನ್ನಡಿಯಾಗಿ ಬಿದ್ದಿರಿ. ಸೊಂಟ ಮುರಿಯಿತು, ತಲೆ ಕಲ್ಲಿಗೆ ಹೊಡೆಯಿತು. ಮಗುವಿಗೆ ಒಂದು ಗೀರೂ ಆಗಿಲ್ಲ ಅತ್ತೆ. ಈಗ ಅಂಬೆಗಾಲಿಕ್ಕುತ್ತಾ ನಮ್ಮ ನಡುಮನೆಯಲ್ಲೇ ಓಡಾಡುತ್ತದೆ. ಲೈನಿನವರೆಲ್ಲ ಗೋದಾಮಿನಲ್ಲಿದ್ದಾರೆ. ಒಂದೇ ಒಂದು ಕೂದಲೂ ಕೊಂಕಿಲ್ಲ ಯಾರದೂ.

ನಿಮ್ಮ ಮಗ ನಿಮ್ಮನ್ನು ಜೀಪಿಗೆ ಹಾಕಿಕೊಂಡು, ತೋಟದ ಲೆಕ್ಕದ ರೈಟರ್ ದೇವರಾಜನನ್ನು ಕೂರಿಸಿಕೊಂಡು ಹೊರಟುಬಿಟ್ಟರು. ಅಪ್ಪ ಎಲ್ಲಿ ಎಂದು ಕೇಳುವ ಹೊತ್ತು ಅದಲ್ಲ. ಚಾರ್ಮಾಡಿ ಇಳಿದು, ಮಂಗಳೂರಿನಲ್ಲಿ ನಿಮ್ಮನ್ನು ದಿವ್ಯಾಳ ಕೈಗೆ ಒಪ್ಪಿಸಿದ ಮೇಲೆ ಅವರಿಗೆ ಸುದ್ದಿ ಮುಟ್ಟಿತು. ಜೀಪು ಹೋದ ಮೇಲೆ ಭೂತಯ್ಯ ಹತ್ತಿ ಬಂದ. ತಲೆಯಿಂದ ಕಾಲಿನವರೆಗೆ ಕೆಸರು. ಅಂಗಳದಲ್ಲಿ ನಿಂತು ಹೊಳೆಯ ಕಡೆ ಕೈ ತೋರಿಸಿದ. ಆಗ ನನಗೆ ತಿಳಿಯಿತು.

ಊರಿನವರೆಲ್ಲ ಹಾರೆ ಗುದ್ದಲಿ ತಂದು ಎರಡು ದಿನ ಅಗೆದರು. ಸಿಕ್ಕರು. ಮುಖಕ್ಕೆ ಏನೂ ಆಗಿರಲಿಲ್ಲ. ನಿದ್ದೆ ಹೋದವರ ಹಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ, ನಾನು ಹಾಗೆ ಹೇಳಲಾರೆ. ಏನೋ ಹೇಳಲು ಹೊರಟವರ ಹಾಗಿತ್ತು. ತಣ್ಣೀರಿನಲ್ಲಿ ಮುಖ ತೊಳೆದದ್ದು ನಾನು. ನೀವಿಲ್ಲದ ಮೇಲೆ ಅದು ನನ್ನ ಪಾಲು ಎಂದೆ. ಯಾರೂ ತಡೆಯಲಿಲ್ಲ. ಮೇಲಿನ ಗದ್ದೆಯ ಅಂಚಿನಲ್ಲಿ ನಿಮ್ಮ ಮಗ ಬೆಂಕಿ ಕೊಟ್ಟರು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಚಿತ್ರದ ಸುದ್ದಿ ಹಬ್ಬಿ, ಮಲ್ಲಂದೂರಿನ ಕಡೆಯಿಂದಲೂ ಜನ ಬರತೊಡಗಿದರು. "ನಮ್ಮ ಮನೆ ಹಿಂದಿನ ಗುಡ್ಡಾನೂ ಒಂದ್ಸಲ ಬರ್ದು ನೋಡಿ ಅಮ್ಮ" ಎನ್ನುತ್ತಾರೆ. ಒಬ್ಬಾಕೆ ನನ್ನ ಪೇಸ್ಟಲ್ ಪೆಟ್ಟಿಗೆಯ ಮುಂದೆ ತೆಂಗಿನಕಾಯಿ ಇಟ್ಟು ಕೈ ಮುಗಿದಳು. ನಾನು ಬೆಚ್ಚಿಬಿದ್ದೆ. ನನಗೆ ಮೈಮೇಲೆ ಏನೂ ಬಂದಿರಲಿಲ್ಲ. ಮರ ವಾಲಿತ್ತು, ವಾಲಿದ ಹಾಗೆ ಬರೆದೆ. ಅದನ್ನು ನಂಬಿ ಸೆರಗು ಸಿಕ್ಕಿಸಿ ಇಳಿದವರು ನೀವು. ನೀವು ಕೇಳದೇ ಹೋಗಿದ್ದರೆ ಆ ಓರೆ ಗೆರೆಗಳು ಬೀರುವಿನ ಮೇಲೆ ಹೋಗಿ ಸೇರುತ್ತಿದ್ದವು. ಬಂದವರಿಗೆಲ್ಲ ನಾನು ಹೇಳುವುದು ಒಂದೇ: ಗುಡ್ಡವನ್ನು ದಿನಾ ನೋಡಿ, ಬಿರುಕು ಕಂಡರೆ ಮನೆ ಬಿಡಿ. ಬರೆಯಲು ಮಾತ್ರ ಕೂತಿಲ್ಲ. ಕೈಗೆ ಹಸಿರು ಕಡ್ಡಿ ತೆಗೆದುಕೊಂಡರೆ ಎದುರಿಗೆ ಹಸಿರಿಲ್ಲ.

ಭೂತಯ್ಯ ಅಂಗಳದ ಮೂಲೆಯಲ್ಲಿ ಕೂತೇ ಇರುತ್ತಾನೆ. "ಅಮ್ಮಾವ್ರು ಬಂದ್ಮೇಲೆ ನನ್ನ ಮುಖ ನೋಡ್ತಾರಾ?" ಎಂದು ನನ್ನನ್ನು ಕೇಳುತ್ತಾನೆ. ಅದಕ್ಕೆ ಉತ್ತರ ಹೇಳಬೇಕಾದವರು ನೀವು.

ಇನ್ನೊಂದು ವಿಷಯ ಬರೆಯಲೇಬೇಕು. ಬೆಳಿಗ್ಗೆ ನೀವು ಕುಂಕುಮದ ಭರಣಿ ಕೇಳಿದಾಗ ದಿವ್ಯಾ ಮುಖ ಆಚೆ ತಿರುಗಿಸಿ ಕೊಡುತ್ತಾಳಂತೆ. ಪಾಪ, ಅವಳ ಮೇಲೆ ಕೋಪ ಬೇಡ. ನೀವು ತೋಟಕ್ಕೆ ಬಂದ ದಿನ ಬಳೆ ಒಡೆಸಬೇಕು, ಹಣೆ ಅಳಿಸಬೇಕು ಎಂದು ದೊಡ್ಡತ್ತೆಯೂ ನೆಂಟರೂ ಈಗಲೇ ಮಾತಾಡಿಕೊಳ್ಳುತ್ತಿದ್ದಾರೆ. ನಾನು ಎಲ್ಲರೆದುರೇ ಹೇಳಿದ್ದೇನೆ. ಅತ್ತೆಯ ಹಣೆ ಅತ್ತೆಯದು. ಇಡುತ್ತಾರೋ ಬಿಡುತ್ತಾರೋ ಅವರ ಇಷ್ಟ. ಯಾರ ಕೈಯೂ ಅವರ ಮೈಮೇಲೆ ಬೀಳಕೂಡದು. ಈ ಮನೆಗೆ ಬಂದ ಮೇಲೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ದೊಡ್ಡತ್ತೆ ಊಟ ಬಿಟ್ಟರು. ನಿಮ್ಮ ಮಗ ತಲೆ ತಗ್ಗಿಸಿಕೊಂಡು ಕೂತಿದ್ದವರು ಎದ್ದು ಬಂದು ನನ್ನ ಪಕ್ಕ ನಿಂತರು.

ಆ ಹಾಳೆ ಹರಿದುಹಾಕಿದ ದಿನ ಅವರೇ ಅಂದದ್ದು, "ನನ್ನ ಕೈಲಿ ಅಮ್ಮನಿಗೆ ಹೇಳೋಕಾಗಲ್ಲ ಮೇಘ. ನೀನೇ ಹೇಳು" ಎಂದು. ಡಾಕ್ಟರನ್ನೂ ಕೇಳಿದ್ದೇವೆ. ಇನ್ನು ಹೇಳಬಹುದು ಎಂದರು. ಬಾಯಲ್ಲಿ ಹೇಳಿದರೆ ನಾನು ಅತ್ತುಬಿಡುತ್ತೇನೆ, ನೀವು ನನ್ನನ್ನು ಸಮಾಧಾನ ಮಾಡಲು ಶುರು ಮಾಡುತ್ತೀರಿ. ನಿಮ್ಮ ಪಾಲಿನ ಅಳು ಮೊದಲು ನಿಮಗೆ ಸಿಗಲಿ ಎಂದು ಬರೆದೆ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಾನೇ ಬಸ್ಸಿನಲ್ಲಿ ತರುತ್ತೇನೆ. ಇದು ನಿಮ್ಮ ಕೈಗೆ ಬಂದಾಗ ನಾನು ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಓದಿ ಮುಗಿದ ಮೇಲೆ ಕರೆಯಿರಿ. ಕರೆಯಬೇಕೆನಿಸದಿದ್ದರೆ ಬೇಡ. ಸಂಜೆಯಾಗಲಿ, ನಾಳೆಯಾಗಲಿ, ನಾನು ಅಲ್ಲಿಂದ ಏಳುವುದಿಲ್ಲ.

ಅತ್ತು ಮುಗಿಸುವಷ್ಟು ಶಕ್ತಿಯನ್ನೂ, ಆಮೇಲೆ ಎದ್ದು ನಿಲ್ಲುವಷ್ಟು ಕಾಲಬಲವನ್ನೂ ಕಳಸೇಶ್ವರ ನಿಮಗೆ ಕೊಡಲಿ.

ಬಾಗಿಲ ಹೊರಗಿರುವ,
ನಿಮ್ಮ ಮೇಘ